ಜಿನೀವಾದ ಕರಾರು, ಮಲ್ಪೆಯ ದಕ್ಕೆ

ಸಮುದ್ರದಲ್ಲಿ ಮೀನು ಹಿಡಿಯುವವರಿಗೆ ಸರಕಾರಗಳು ಕೊಡುವ ಸಹಾಯಧನಕ್ಕೆ ಕಡಿವಾಣ ಹಾಕುವ ಒಂದು ಅಂತರರಾಷ್ಟ್ರೀಯ ಕರಾರು 2025ನೆಯ ಇಸವಿ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಮೂರರಲ್ಲಿ ಎರಡು ಪಾಲು, ಎಂದರೆ 111 ದೇಶಗಳು, ಒಪ್ಪಿಗೆ ಕೊಟ್ಟಾಗ ಕರಾರಿಗೆ ಜೀವ ಬರುವುದೆಂದು ಗೊತ್ತಾಗಿತ್ತು. ಅಂದಿನವರೆಗೆ ಭಾರತ ಒಪ್ಪಿಗೆ ಕೊಟ್ಟಿರಲಿಲ್ಲ.

ಇದು ನಮಗೇಕೆ ಎಂದು ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಅಕ್ಕತಂಗಿಯರೂ ಉಡುಪಿಯ ಸಣ್ಣ ಅಂಗಡಿಕಾರರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಮಲ್ಪೆಯ ದಕ್ಕೆಯಲ್ಲಿ ಬೋಟು ನಿಂತರೆ ಐಸು ಕಾರ್ಖಾನೆಯ ಕೂಲಿ ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ, ಮಣಿಪಾಲದ ಹೋಟೆಲಿನಲ್ಲಿ ಮೀನೂಟದ ದರ ಏರುತ್ತದೆ. ಬುಟ್ಟಿ ಹೊತ್ತು ಊರೂರು ತಿರುಗುವ ಮೀನು ಮಾರುವ ಹೆಂಗಸು ಮನೆಯಲ್ಲಿ ಕೂರುತ್ತಾಳೆ. ಅವಳು ಬಾರದ ದಿನ ಮೆಣಸು, ಹುಳಿ, ತೆಂಗಿನಕಾಯಿ ಮಾರುವವನಿಗೂ ಗಿರಾಕಿ ಕಡಿಮೆ.

2022ರ ಜೂನ್ 17ರಂದು ಜಿನೀವಾದಲ್ಲಿ ಅಂಗೀಕಾರವಾದ ಈ ಕರಾರಿನ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಕಾನೂನು ಮೀರಿ ಹಿಡಿಯುವವರಿಗೆ, ಈಗಾಗಲೇ ಬರಿದಾದ ಮೀನಿನ ಸಂತತಿಯನ್ನು ಹಿಡಿಯುವವರಿಗೆ, ಯಾರ ಹತೋಟಿಗೂ ಸೇರದ ದೂರ ಸಾಗರದಲ್ಲಿ ಮನಬಂದಂತೆ ಗೋರುವವರಿಗೆ ಸರಕಾರದ ಹಣ ಸಲ್ಲಬಾರದೆಂದು ಅದು ಹೇಳುತ್ತದೆ. ಮೀನು ಮುಗಿದರೆ ಮೊದಲು ಉಪವಾಸ ಬೀಳುವವನು ನಾಡದೋಣಿಯವನು. ಹೀಗಿರುವಾಗ ಆ ಮಾತಿಗೆ ನಾವು ಅಡ್ಡ ಬರುವುದುಂಟೆ?

ನಮ್ಮ ತಕರಾರು ತಕ್ಕಡಿ ಹಿಡಿದ ಕೈಯ ಮೇಲೆ. 2018ರಲ್ಲಿ ಜಗತ್ತಿನ ಸರಕಾರಗಳು ಮೀನುಗಾರಿಕೆಗೆ ಸುರಿದ ಹಣ ಸುಮಾರು 3,500 ಕೋಟಿ ಡಾಲರು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಹೆಚ್ಚು ಸುರಿದವರು ಚೀನ, ಯುರೋಪಿನ ಒಕ್ಕೂಟ, ಅಮೆರಿಕ, ದಕ್ಷಿಣ ಕೊರಿಯ, ಜಪಾನು. ದೂರ ಸಾಗರದಲ್ಲಿ ತಿಂಗಳುಗಟ್ಟಲೆ ನಿಂತು ಮೀನು ಬಾಚುವ ಹಡಗುಗಳು ಬಹುಪಾಲು ಚೀನ, ತೈವಾನ್, ಜಪಾನ್, ಕೊರಿಯ, ಸ್ಪೇನುಗಳವು. ಕಾಪುವಿನ ಬೆಸ್ತ ಬೆಳಗಿನ ಜಾವ ದೋಣಿ ದೂಡಿ ಮಧ್ಯಾಹ್ನಕ್ಕೆ ದಡ ಸೇರುವವನು. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಕಾನೂನಿನಡಿ ನಿಲ್ಲಿಸಿದರೆ ಅದು ನ್ಯಾಯದ ವೇಷ ಮಾತ್ರ.

ಕರಾರಿನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಮೀನುಗಾರಿಕೆಗೆಂದೇ ಹೆಸರಿಟ್ಟು ಕೊಟ್ಟ ಸಹಾಯ ಮಾತ್ರ ಇದರ ವ್ಯಾಪ್ತಿಗೆ ಬರುತ್ತದೆ. ಎಲ್ಲ ಉದ್ಯಮಗಳಿಗೂ ಸಾಮಾನ್ಯವಾಗಿ ಇಂಧನದ ತೆರಿಗೆ ಬಿಟ್ಟುಕೊಡುವ ಸಿರಿವಂತ ದೇಶ ಇದರಿಂದ ನುಣುಚಿಕೊಳ್ಳಬಹುದು. ನಮ್ಮ ದೋಣಿಗೆ ಕೊಡುವ ಸೀಮೆಎಣ್ಣೆ, ಬೋಟಿಗೆ ಕೊಡುವ ರಿಯಾಯಿತಿ ಡೀಸೆಲು ಹೆಸರಿಟ್ಟು ಕೊಟ್ಟದ್ದು. ಲೆಕ್ಕಕ್ಕೆ ಸಿಕ್ಕಿಯೇ ಸಿಗುತ್ತದೆ. ಸಿಕ್ಕಿದ ಮಾತ್ರಕ್ಕೆ ಇಂದೇ ನಿಷೇಧವಾಯಿತೆಂದು ಯಾರೂ ಹೆದರಬೇಕಾಗಿಲ್ಲ. ನಿಜವಾದ ಅಪಾಯ ಕರಾರಿನ ಎರಡನೆಯ ಕಂತಿನಲ್ಲಿದೆ. ಬೋಟುಗಳ ಸಂಖ್ಯೆಯನ್ನೂ ಬಲವನ್ನೂ ಹೆಚ್ಚಿಸುವ ಸಹಾಯವನ್ನೇ ತಡೆಯಬೇಕೆಂಬ ಆ ಮಾತು 2024ರಲ್ಲಿ ಅಬುಧಾಬಿಯ ಮಂತ್ರಿಗಳ ಸಮ್ಮೇಳನದಲ್ಲಿ ಮುರಿದು ಬಿತ್ತು. ಹಿಂದುಳಿದ ದೇಶಗಳಿಗೆ 25 ವರ್ಷಗಳ ಕಾಲಾವಕಾಶ ಬೇಕೆಂದು ಭಾರತ ಹಿಡಿದ ಪಟ್ಟು ಸರಿಯಾದುದೇ. ಜಾರಿಗೆ ಬಂದ ನಾಲ್ಕು ವರ್ಷಗಳೊಳಗೆ ಎರಡನೆಯ ಕಂತು ಕೂಡಿ ಬಾರದಿದ್ದರೆ, ಬೇರೆ ತೀರ್ಮಾನ ಮಾಡದ ಹೊರತು, ಮೊದಲಿನದೂ ರದ್ದಾಗುವುದೆಂದು ಕರಾರಿನಲ್ಲೇ ಬರೆದಿದೆ. ಆದುದರಿಂದ 2029ರೊಳಗೆ ನಮ್ಮ ಮೇಲೆ ಒತ್ತಡ ಬರುವುದು ಖಂಡಿತ.

ಇಷ್ಟೆಲ್ಲ ಕಾನೂನು ಬರೆಯುವ ಆ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ನ್ಯಾಯಾಧೀಶರೇ ಇಲ್ಲ! ಏಳು ಮಂದಿ ಕೂರಬೇಕಾದ ಪೀಠಕ್ಕೆ ಹೊಸಬರ ನೇಮಕವನ್ನು ಅಮೆರಿಕ ತಡೆದ ಕಾರಣ 2019ರ ಡಿಸೆಂಬರಿನಿಂದ ಅದು ಮೇಲ್ಮನವಿ ಕೇಳಲಾರದಾಯಿತು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇಕಡಾ 50ರ ಸುಂಕ ಹೇರಿದಾಗ ಸೀಗಡಿಯೂ ಗೇರುಬೀಜವೂ ಆ ಏಟಿಗೆ ಸಿಕ್ಕಿದವು. ಆಮೇಲೆ ಆ ಸುಂಕದ ಕಥೆ ತಿರುವುಗಳನ್ನು ಕಂಡಿತು. ಆದರೆ ತಿರುವು ಬಂದದ್ದು ಜಿನೀವಾದ ಪೀಠದ ತೀರ್ಪಿನಿಂದಲ್ಲ. ಬಲ್ಲಿದನು ಕಾನೂನು ಮುರಿದರೆ ಕೇಳುವವರಿಲ್ಲ. ಬಡವನು ಮಾತ್ರ ಅದನ್ನು ಚಾಚೂ ತಪ್ಪದೆ ಪಾಲಿಸಬೇಕೆಂಬುದು ಯಾವ ಲೋಕದ ನೀತಿ?

ಇಷ್ಟು ಹೇಳಿ ಸುಮ್ಮನಾದರೆ ಬೋಟಿನ ದಣಿಗಳಿಗೆ ನಮ್ಮ ಅಗ್ರಲೇಖ ಬಹಳ ಹಿಡಿಸೀತು. ಆದರೆ ಮನೆಯ ಮಾತನ್ನೂ ಆಡಬೇಕಾಗಿದೆ. ಭಾರತದ ಪ್ರತಿನಿಧಿಗಳು ಜಿನೀವಾದಲ್ಲಿ ಬಡ ಮೀನುಗಾರನ ಹೆಸರು ಹೇಳುತ್ತಾರೆ. ಸಹಾಯಧನದ ಹೆಚ್ಚಿನ ಪಾಲು ಅವನ ಕೈ ಸೇರುತ್ತದೆಯೆ? 2023ರ ಬಜೆಟ್ಟಿನಲ್ಲಿ ಕರ್ನಾಟಕ ಸರಕಾರ ಬೋಟುಗಳ ರಿಯಾಯಿತಿ ಡೀಸೆಲಿನ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸಿತು. ಹೆಚ್ಚು ಎಣ್ಣೆ ಉರಿಸುವವನಿಗೆ ಹೆಚ್ಚು ರಿಯಾಯಿತಿ. ಅದೇ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿಗೆ ಡೀಸೆಲಿನ ಚೀಟಿ ಇಲ್ಲ, ಪಾಲು ಮಾತ್ರ. ಮೀನು ಸಿಗದ ದಿನ ಅದೂ ಇಲ್ಲ. ಅದೇ ಬಜೆಟ್ಟು ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಿದ್ದನ್ನು ನಾವು ಮೆಚ್ಚುತ್ತೇವೆ. ಆದರೆ ಸಾಲವೆಂದರೆ ತೀರಿಸಬೇಕಾದ ಹಣ, ರಿಯಾಯಿತಿಯೆಂದರೆ ತೀರಿಸಬೇಕಿಲ್ಲದ ಹಣ ಎಂಬ ಭೇದ ಅಂಗಡಿಯಿಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರ್ಸೀನ್ ಬಲೆ ಬಂದ 1970ರ ದಶಕದಲ್ಲಿ ಹತ್ತಾರು ಮನೆಗಳು ಕೂಡಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದ್ದನ್ನು ಈ ಕರಾವಳಿ ಕಂಡಿದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಎರಡು ಬೋಟು ಕಟ್ಟಿ ಬುಲ್ ಟ್ರಾಲಿಂಗ್ ಮಾಡುವುದನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧಿಸಿತು. ನಿಷೇಧ ಕಾಗದದ ಮೇಲಿದೆ. ಮರಿ ಬೂತಾಯಿ ರಾಶಿ ರಾಶಿಯಾಗಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ತಡೆಯಲಾರದ ಸರಕಾರ, ನಮ್ಮ ಮೀನನ್ನು ನಾವೇ ಕಾಯುತ್ತೇವೆಂದು ಪರದೇಶದಲ್ಲಿ ಯಾವ ಮುಖದಿಂದ ಹೇಳೀತು? ವರ್ಷಕ್ಕೆ 61 ದಿನ, ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ಬೋಟುಗಳನ್ನು ದಡದಲ್ಲಿ ನಿಲ್ಲಿಸುವ ನಮ್ಮ ಕಟ್ಟಳೆ ಜಿನೀವಾದಲ್ಲಿ ಒಳ್ಳೆಯ ವಾದವೇ. ಉಳಿದ ಹತ್ತು ತಿಂಗಳಲ್ಲೂ ಕಟ್ಟಳೆ ನಡೆದರೆ ಮಾತ್ರ ಆ ವಾದಕ್ಕೆ ತೂಕ ಬರುತ್ತದೆ.

ದೂರ ಸಾಗರದ ಹಡಗುಗಳ ಕೈಕಟ್ಟುವ ತನಕ ನಾಡದೋಣಿಯ ಸೀಮೆಎಣ್ಣೆಯನ್ನು ಮುಟ್ಟುವ ಯಾವ ಕಾಗದಕ್ಕೂ ಭಾರತ ಒಪ್ಪಿಗೆ ಕೊಡಬಾರದು. ಅದರೊಂದಿಗೆ ಡೀಸೆಲಿನ ರಿಯಾಯಿತಿಯಲ್ಲಿ ಒಂದು ಭಾಗವನ್ನು ಕಲಾಸಿಗಳ ವಿಮೆಗೂ ಮಳೆಗಾಲದ ಜೀವನಭತ್ಯಕ್ಕೂ ತಿರುಗಿಸಬೇಕೆಂದು ನಾವು ಕೇಳುತ್ತೇವೆ. ಕರಾರನ್ನು ಕನ್ನಡಕ್ಕಿಳಿಸಿ ಮಲ್ಪೆಯಲ್ಲೂ ಕಾಪುವಿನಲ್ಲೂ ಸಭೆ ಕರೆದು ಓದಿ ಹೇಳುವುದು ಜಿಲ್ಲಾಡಳಿತದ ಕೆಲಸ. ಸಮಯವಿಲ್ಲವೆಂಬ ನೆವ ಬೇಡ. ಜೂನ್ ಒಂದಕ್ಕೆ ಬೋಟುಗಳು ದಕ್ಕೆಗೆ ಬಂದು ಕಟ್ಟಿಕೊಂಡರೆ ಎರಡು ತಿಂಗಳು ಎಲ್ಲರೂ ದಡದಲ್ಲೇ ಇರುತ್ತಾರೆ.