ಸೆಟ್ಟು ಕಿತ್ತ ಮೇಲೆ ಉಳಿಯುವ ನೆಲ

ಸಿನಿಮಾ ಚಿತ್ರೀಕರಣ ನಡೆದ ಜಾಗವನ್ನು ಪ್ರವಾಸಿ ತಾಣ ಮಾಡುವ ಪ್ರಸ್ತಾವ ಹಳೇ ಮೈಸೂರು ಭಾಗದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರುವವರಿಗೆ ರಾಮನಗರದ ಬಂಡೆ, ಮೇಲುಕೋಟೆಯ ಕಲ್ಯಾಣಿ, ಮಹದೇವಪುರದ ಹೊಳೆದಂಡೆ, ಕೆಆರ್‌ಎಸ್‌ನ ಬೃಂದಾವನ ಎಲ್ಲವೂ ತೆರೆಯ ಮೇಲೆ ಕಂಡವೇ. ಇವನ್ನು ನೋಡಲು ಬರುವುದರಲ್ಲಿ ತಪ್ಪೇನೂ ಇಲ್ಲ. ಬಂದವರಿಗಾಗಿ ಸಿನಿಮಾದ ಊರನ್ನೇ ಮತ್ತೆ ಕಟ್ಟಿ ಟಿಕೆಟ್ ಹರಿಯಬೇಕೆಂಬ ಹಟ ತಪ್ಪು.

‘ಶೋಲೆ’ ಇದಕ್ಕೆ ದೊಡ್ಡ ಉದಾಹರಣೆ. 1973ರ ಅಕ್ಟೋಬರ್‌ನಲ್ಲಿ ರಾಮನಗರದ ರಾಮದೇವರಬೆಟ್ಟದ ಸುತ್ತ ಅದರ ಚಿತ್ರೀಕರಣ ಆರಂಭವಾಯಿತು. ರಾಮಗಢ ಎಂಬ ಇಡೀ ಹಳ್ಳಿಯನ್ನು ಅಲ್ಲಿ ಎಬ್ಬಿಸಲಾಯಿತು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ಮಾಡಲಾಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಸೆಟ್ಟು ಎಂದೋ ಹೋಯಿತು, ಆದರೂ ಗಬ್ಬರ್‌ನ ಬಂಡೆ ಯಾವುದೆಂದು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಇದೇ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಸುಮಾರು 346 ಹೆಕ್ಟೇರಿನ ಈ ಧಾಮದಲ್ಲಿರುವ ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಸಂದಿನಲ್ಲಿ ಗೂಡು ಮಾಡಿ ಒಂದು ಋತುವಿಗೆ ಒಂದೇ ಮೊಟ್ಟೆ ಇಡುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧದಿಂದ ದೇಶದಾದ್ಯಂತ ಈ ಹಕ್ಕಿಗಳು ಸತ್ತು ಹೋದವು. 2006ರಲ್ಲಿ ಆ ಔಷಧದ ಪಶು ಬಳಕೆಗೆ ನಿಷೇಧ ಬರುವ ಹೊತ್ತಿಗೆ ಅವುಗಳ ಸಂಖ್ಯೆ ತೀವ್ರವಾಗಿ ಕುಸಿದಿತ್ತು. ಅಂಥ ಬೆಟ್ಟದಲ್ಲಿ ‘ಶೋಲೆ’ ಹಳ್ಳಿಯನ್ನು ತ್ರೀಡಿ ತಂತ್ರಜ್ಞಾನದಲ್ಲಿ ಮರುಸೃಷ್ಟಿಸುವ ಯೋಜನೆಯನ್ನು 2018ರಲ್ಲಿ ಪ್ರವಾಸೋದ್ಯಮ ಇಲಾಖೆ ಮುಂದಿಟ್ಟಿತು. ಪರಿಸರಾಸಕ್ತರು ವಿರೋಧಿಸಿದರು, ಯೋಜನೆ ಮೇಲೇಳಲಿಲ್ಲ. ಅದು ಹಾಗೆ ನಿಂತಿದ್ದೇ ಒಳ್ಳೆಯದಾಯಿತು. ಒಂದು ಮೊಟ್ಟೆಗೆ ಕಾವು ಕೊಡುವ ಹಕ್ಕಿಯ ಮುಂದೆ ಧ್ವನಿವರ್ಧಕ ಇಡುವುದಕ್ಕೆ ಅಭಿವೃದ್ಧಿಯೆಂಬ ಹೆಸರು ಸಲ್ಲದು.

ಮಂಡ್ಯ ಜಿಲ್ಲೆಯಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ಬಂತು. 2022ರ ಅಕ್ಟೋಬರ್‌ನಲ್ಲಿ ಮೇಲುಕೋಟೆಯ ರಾಯಗೋಪುರದಲ್ಲಿ ತೆಲುಗು ಚಿತ್ರವೊಂದಕ್ಕಾಗಿ ಬಾರ್‌ನ ಸೆಟ್ಟು ಹಾಕಲಾಯಿತು. ರಾಮಾನುಜಾಚಾರ್ಯರು ನೆಲೆಸಿದ್ದ, ಚೆಲುವನಾರಾಯಣನ ವೈರಮುಡಿ ಉತ್ಸವ ನಡೆಯುವ ಊರಿನಲ್ಲಿ ಹೆಂಡದಂಗಡಿಯ ಬೋರ್ಡು ಕಂಡಾಗ ಜನ ಕೆರಳಿದ್ದು ಸಹಜ. ಆದರೆ ಚರ್ಚೆ ಬಾಟಲಿಯ ಬಳಿಯೇ ನಿಂತುಬಿಟ್ಟಿತು. ಬಾರ್ ಬದಲು ಹೂವಿನಂಗಡಿಯ ಸೆಟ್ಟು ಹಾಕಿದ್ದರೂ ಕಲ್ಲುಗಂಬಕ್ಕೆ ಕಟ್ಟುವ ಹಗ್ಗ, ಸಾಮಾನು ತುಂಬಿದ ಲಾರಿ, ಜನರೇಟರು, ಊಟದ ಎಲೆ ತಟ್ಟೆಗಳ ರಾಶಿ ಅಷ್ಟೇ ಇರುತ್ತಿತ್ತು. ಅನುಮತಿ ಕೊಟ್ಟವರು ಕಲ್ಲಿನ ಸ್ಥಿತಿಯನ್ನು ಮೊದಲೂ ಆಮೇಲೂ ದಾಖಲಿಸಿದರೇ, ಕಟ್ಟಿದ ಹಣದಲ್ಲಿ ಊರಿನ ಪಂಚಾಯಿತಿಗೆ ಎಷ್ಟು ಬಂತು ಎಂಬ ಪ್ರಶ್ನೆಗಳನ್ನು ಆಗ ಜೋರಾಗಿ ಕೇಳಬೇಕಿತ್ತು.

ಸೆಟ್ಟಿನ ಸ್ವಭಾವವನ್ನೂ ತಿಳಿಯಬೇಕು. ಪ್ಲೈವುಡ್, ಬಿದಿರು, ಗೋಣಿತಾಟು, ಥರ್ಮಾಕೋಲ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಇವು ಅದರ ಸಾಮಗ್ರಿ. ಮುಂಭಾಗದಲ್ಲಿ ನೂರು ವರ್ಷದ ಕಲ್ಲುಗೋಡೆ, ಹಿಂದಕ್ಕೆ ಹೋದರೆ ಮೊಳೆ ಹೊಡೆದ ರೀಪುಗಳು. ಕ್ಯಾಮೆರಾ ನೋಡುವ ಬದಿ ಬಿಟ್ಟು ಉಳಿದದ್ದಕ್ಕೆ ಬಣ್ಣವನ್ನೂ ಬಳಿಯುವುದಿಲ್ಲ. ಎರಡು ಮಳೆಗೆ ಕರಗುವ ಇದನ್ನು ಶಾಶ್ವತ ಮಾಡಬೇಕೆಂದರೆ ಸಿಮೆಂಟು, ನೀರು, ಶೌಚಾಲಯ, ಪಾರ್ಕಿಂಗ್ ಎಲ್ಲ ಬೇಕು. ಅಲ್ಲಿಗೆ ಅದು ಕಟ್ಟಡ ಕಾಮಗಾರಿ.

ಹೊರದೇಶಗಳ ಉದಾಹರಣೆ ಕೊಡುವವರು ಸಿನಿಮಾ ಸೆಟ್ಟೇ ಪ್ರವಾಸಿ ತಾಣವಾದ ನ್ಯೂಜಿಲೆಂಡಿನ ಹಾಬಿಟನ್ ಹೆಸರು ಹೇಳುತ್ತಾರೆ. ಅದು ಕುರಿ ಮೇಯಿಸುವ ಖಾಸಗಿ ಜಮೀನು; ಅಲ್ಲಿ ಹಾಳಾಗುವ ದೇಗುಲವಾಗಲಿ ರಣಹದ್ದಿನ ಗೂಡಾಗಲಿ ಇರಲಿಲ್ಲ. ನಮ್ಮ ಪರಿಸ್ಥಿತಿಗೆ ಹತ್ತಿರವಾದದ್ದು ಥಾಯ್ಲೆಂಡಿನ ಮಾಯಾ ಬೇ. 2000ದಲ್ಲಿ ಬಂದ ‘ದಿ ಬೀಚ್’ ಚಿತ್ರದಿಂದ ಹೆಸರಾದ ಆ ಕಡಲತೀರಕ್ಕೆ ಜನ ಮುಗಿಬಿದ್ದು ಹವಳದ ದಿಬ್ಬಗಳು ಹಾಳಾದವು. 2018ರಲ್ಲಿ ಅದನ್ನು ಮುಚ್ಚಲಾಯಿತು, ಮತ್ತೆ ತೆರೆದದ್ದು 2022ರಲ್ಲಿ, ಬರುವವರ ಸಂಖ್ಯೆಗೆ ಮಿತಿ ಹಾಕಿ.

ಪ್ರವಾಸಿ ಬಂದರೆ ಊರಿಗೆ ಕಾಸು ಬರುತ್ತದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರಿಗೆ ಅದರ ಅಗತ್ಯ ಹೆಚ್ಚು. 2023ರ ಮಾರ್ಚ್‌ನಲ್ಲಿ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳು ಊರನ್ನು ಬಳಸಿಕೊಂಡು ಹೋಗತೊಡಗಿ ಹಳೇ ಹೆದ್ದಾರಿಯ ಹೋಟೆಲುಗಳ ವ್ಯಾಪಾರ ಬಿತ್ತು. ಆದರೆ ಬೇಲಿ ಹಾಕಿದ ಪಾರ್ಕಿನ ಗೇಟಿನೊಳಗೆ ತಿಂಡಿ, ಆಟ, ಫೋಟೊ ಎಲ್ಲ ಸಿಕ್ಕಿದರೆ ದಿನದ ಪ್ರವಾಸಿ ಮದ್ದೂರು ವಡೆಗೆ ಕಾರು ನಿಲ್ಲಿಸುವುದಿಲ್ಲ. ಬೃಂದಾವನವನ್ನು ಸುಮಾರು 2,663 ಕೋಟಿ ರೂಪಾಯಿಯಲ್ಲಿ ಮನರಂಜನಾ ಪಾರ್ಕ್ ಮಾಡುವ ಯೋಜನೆಗೂ ಈ ಮಾತು ಸಲ್ಲುತ್ತದೆ. ಅಣೆಕಟ್ಟೆಯ ಸುರಕ್ಷತೆ ಮೊದಲು ನೋಡಿ ಎನ್ನುವ ರೈತರ ಕೂಗು ನ್ಯಾಯವಾದದ್ದು.

ಊರನ್ನೇ ನಂಬಿಕೊಂಡ ಪ್ರವಾಸ ಹೇಗಿರುತ್ತದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಸಾಕ್ಷಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಇಲ್ಲಿ ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರದಡಿ ಬೀಳುವ ಹಿಕ್ಕೆಯನ್ನು ರೈತರು ಗೊಬ್ಬರಕ್ಕೆ ಬಳಸುತ್ತಾರೆ, ಗೂಡಿನಿಂದ ಬಿದ್ದ ಮರಿಯನ್ನು ಮೀನು ಹಾಕಿ ಸಾಕಿ ಬಿಡುತ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಲ್ಲಿ ಯಾವ ಸೆಟ್ಟೂ ಬೇಕಾಗಲಿಲ್ಲ.

ಇಲ್ಲಿನವರಿಗೆ ಸಿನಿಮಾ ಹೊರಗಿನದಲ್ಲ. ಅಂಬರೀಷ್ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. ರಾಜ್‌ಕುಮಾರ್‌ಗೆ ಮುತ್ತುರಾಜ ಎಂಬ ಹುಟ್ಟುಹೆಸರು ಬಂದದ್ದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಹನುಮನಿಂದ. ಅದೇ ಮುತ್ತತ್ತಿಯಲ್ಲಿ ಕಾವೇರಿಯ ಸುಳಿಗೆ ಸಿಕ್ಕಿ ಪ್ರವಾಸಿಗರು ಸಾಯುವ ಸುದ್ದಿ ನಿಂತಿಲ್ಲ. ಕೋಟಿಗಳ ಲೆಕ್ಕ ಹಾಕುವ ಮೊದಲು ಅಲ್ಲಿ ಈಜು ಬಲ್ಲ ಕಾವಲುಗಾರರನ್ನು ನೇಮಿಸಲಿ, ಗಗನಚುಕ್ಕಿ ಜಲಪಾತದ ಬಳಿ ಹೆಂಗಸರಿಗೆ ಶುಚಿಯಾದ ಶೌಚಾಲಯ ಇರಲಿ. ಚಿತ್ರತಂಡಗಳಿಂದ ಮುಂಗಡ ಠೇವಣಿ ಪಡೆದು, ಪ್ಲೈವುಡ್ಡಿನ ಕೊನೆಯ ಚೂರು ತೆಗೆದ ಮೇಲಷ್ಟೇ ವಾಪಸು ಕೊಡಲಿ. ಶುಲ್ಕದ ದೊಡ್ಡ ಪಾಲು ಆಯಾ ಪಂಚಾಯಿತಿಗೆ ಹೋಗಲಿ, ಅನುಮತಿಯ ಷರತ್ತುಗಳನ್ನು ಊರಿನ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಲಿ. ರಕ್ಷಿತ ಬೆಟ್ಟ, ಕಲ್ಯಾಣಿ, ಹೊಳೆದಂಡೆಗಳಲ್ಲಿ ಕಾಯಂ ಸೆಟ್ಟಿಗೆ ಯಾವ ಸರ್ಕಾರವೂ ಒಪ್ಪಿಗೆ ಕೊಡಕೂಡದು.