ಸಿನಿಮಾದ ಹೆಸರಷ್ಟೇ ಸಾಲದು, ಕಾರಣವೂ ಬೇಕು

ಸಿನಿಮಾ ಪ್ರಿಯರು ನಾಲ್ಕು ಜನ ಸೇರಿದರೆ ಮೊದಲು ಹೊರಬೀಳುವುದು ಹೆಸರುಗಳು. ಒಬ್ಬರಿಗೆ ಥ್ರಿಲ್ಲರ್ ಬಿಟ್ಟು ಬೇರೇನೂ ರುಚಿಸದು, ಇನ್ನೊಬ್ಬರಿಗೆ ಹಾರರ್, ಮತ್ತೊಬ್ಬರಿಗೆ ಹಳೆಯ ಕಪ್ಪು-ಬಿಳುಪು ಪೌರಾಣಿಕ ಚಿತ್ರಗಳು. ವಾಟ್ಸ್‌ಆ್ಯಪ್ ಗುಂಪಿನಲ್ಲಾದರೆ ಒಬ್ಬರು ಹತ್ತು ಚಿತ್ರಗಳ ಪಟ್ಟಿ ಹಾಕುತ್ತಾರೆ, ಅದರ ಬೆನ್ನಿಗೇ ಇನ್ನೊಬ್ಬರ ಹತ್ತು ಬರುತ್ತವೆ, ಜೊತೆಗೆ ‘ನೋಡಲೇಬೇಕು’ ಎಂಬ ಒಂದು ಮಾತು, ಒಂದಷ್ಟು ಚಪ್ಪಾಳೆಯ ಚಿಹ್ನೆಗಳು. ಸಂಜೆಯೊಳಗೆ ಅವೆಲ್ಲ ಬೇರೆ ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತವೆ. ಇಲ್ಲಿ ಸಿನಿಮಾ ಮೇಲಿನ ಪ್ರೀತಿಗೆ ಕೊರತೆಯಿಲ್ಲ, ಕೊರತೆ ಇರುವುದು ಕಾರಣಕ್ಕೆ. ಆ ಚಿತ್ರ ಯಾಕೆ ಹಿಡಿಸಿತು, ಅದರಲ್ಲಿ ಏನು ಕಂಡಿರಿ ಎಂಬ ಎರಡು ಮಾತು ಜೊತೆಗಿಲ್ಲದಿದ್ದರೆ, ಎಂಥ ಒಳ್ಳೆಯ ಚಿತ್ರದ ಹೆಸರಾದರೂ ಕೇಳಿದವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪ್ರಚಾರಕ್ಕೆ ಹಣವಿಲ್ಲದ ಒಳ್ಳೆಯ ಕನ್ನಡ ಚಿತ್ರಗಳ ಬದುಕು ನಿಂತಿರುವುದೇ ಈ ಎರಡು ಮಾತಿನ ಮೇಲೆ ಎಂದು ನಾನು ಬಲವಾಗಿ ನಂಬುತ್ತೇನೆ.

‘ತಿಥಿ’ಯನ್ನೇ ತೆಗೆದುಕೊಳ್ಳಿ. ರಾಮ್ ರೆಡ್ಡಿ ನಿರ್ದೇಶಿಸಿದ, ಅವರೊಂದಿಗೆ ಈರೇಗೌಡ ಅವರೂ ಕೂಡಿ ಬರೆದ ಈ ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಮರುವರ್ಷ ಅದು ಇಲ್ಲಿ ತೆರೆಕಂಡಿತು. ಅದನ್ನು ‘ಅವಾರ್ಡ್ ಸಿನಿಮಾ’ ಎಂದು ಪರಿಚಯಿಸಿ ನೋಡಿ, ಕೇಳಿದವರಲ್ಲಿ ಅರ್ಧ ಜನ ಅಲ್ಲಿಗೇ ಕೈಮುಗಿಯುತ್ತಾರೆ. ನಿಧಾನ, ಮೌನ, ಅರ್ಥವಾಗದ ಕೊನೆ ಎಂದೆಲ್ಲ ಅವರೇ ಊಹಿಸಿಕೊಂಡಿರುತ್ತಾರೆ. ಅದರ ಬದಲು ಚಿತ್ರದ ಆರಂಭವನ್ನು ಹೇಳಿ. ಮಂಡ್ಯ ಸೀಮೆಯ ಒಂದು ಹಳ್ಳಿ. ನೂರು ದಾಟಿದ ಸೆಂಚುರಿ ಗೌಡ ಬೀದಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ. ಮೂತ್ರಕ್ಕೆಂದು ಎದ್ದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದೂ ಒಂದೇ, ಇದ್ದದ್ದೂ ಒಂದೇ. ಗುಟುಕು ಗುಟುಕಾಗಿ ಕುಡಿಯುತ್ತ ಹೊಲದ ದಾರಿ ಸುತ್ತುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಅಜ್ಜನ ಜಮೀನು ಮಾರುವ ಆತುರ. ನಡುವೆ ಅಪ್ಪ ಇದ್ದಾನಲ್ಲ! ಹಾಗಾಗಿ ಕಣ್ಣೆದುರೇ ಓಡಾಡಿಕೊಂಡಿರುವ ಗಡ್ಡಪ್ಪ ಸತ್ತಿದ್ದಾನೆಂದು ಕಾಗದ ಹುಟ್ಟಿಸಲು ಹೊರಡುತ್ತಾನೆ. ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಇದು ಪಕ್ಕದ ಮನೆಯ ಕಥೆ. ನಟಿಸಿದವರು ಆ ಭಾಗದ ಹಳ್ಳಿಗರೇ, ಕ್ಯಾಮೆರಾ ಎದುರು ಮೊದಲು ನಿಂತಿದ್ದವರಲ್ಲ. ಇಷ್ಟು ಹೇಳಿದರೆ ‘ಅವಾರ್ಡ್ ಸಿನಿಮಾ’ ಎಂಬ ಹಣೆಪಟ್ಟಿ ತಾನಾಗಿ ಕಳಚಿಬೀಳುತ್ತದೆ. ನಕ್ಕು ನಕ್ಕು ನೋಡಬಹುದಾದ, ನಕ್ಕ ಮೇಲೂ ಕಾಡುವ ಚಿತ್ರವೆಂಬುದು ಕೇಳಿದವರಿಗೆ ತಿಳಿಯುತ್ತದೆ.

ಪ್ರಕಾರದ ಹೆಸರುಗಳೇ ಬೇಡ ಎಂದಲ್ಲ. ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ವಿಂಗಡಣೆ ನಮ್ಮಲ್ಲಿ ಕಂಪನಿ ನಾಟಕಗಳ ಕಾಲದಿಂದಲೂ ಇದೆ. 1968ರಲ್ಲಿ ‘ಜೇಡರ ಬಲೆ’ ಬಂದಾಗ, ರಾಜಕುಮಾರ್ ಅವರು ಬಾಂಡ್ ಶೈಲಿಯ ಪತ್ತೇದಾರ ಎಂದರೆ ಸಾಕಿತ್ತು, ಟಿಕೆಟ್ ಕೊಳ್ಳುವವನಿಗೆ ಒಳಗೆ ಏನಿದೆ ಎಂಬುದರ ಅಂದಾಜು ಸಿಗುತ್ತಿತ್ತು. ಪ್ರಕಾರದ ಕೆಲಸ ಅಷ್ಟು, ಅದಕ್ಕಿಂತ ಹೆಚ್ಚಿನದನ್ನು ಅದು ಹೊರಲಾರದು. ಸುನೀಲ್ ಕುಮಾರ್ ದೇಸಾಯಿ ಅವರ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1989ರ ‘ತರ್ಕ’ ಒಂದೂ ಹಾಡಿಲ್ಲದೆ, ಉಸಿರು ಬಿಗಿಹಿಡಿಸುವ ಚಿತ್ರ. 1995ರ ‘ಬೆಳದಿಂಗಳ ಬಾಲೆ’ ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯಿಂದ ಬಂದದ್ದು. ಅನಂತನಾಗ್ ಅವರು ಮಾಡಿದ ಚೆಸ್ ಆಟಗಾರ ಫೋನಿನಲ್ಲಿ ಕೇಳುವ ಒಂದು ಹೆಣ್ಣುದನಿಯ ಬೆನ್ನುಹತ್ತುತ್ತಾನೆ, ಆ ದನಿಯ ಮುಖ ನಮಗೆ ಕಾಣಿಸುವುದೇ ಇಲ್ಲ. ಎರಡನ್ನೂ ‘ಸಸ್ಪೆನ್ಸ್’ ಎಂಬ ಒಂದೇ ಕಪಾಟಿನಲ್ಲಿಡಬಹುದು. ಆದರೆ ‘ತರ್ಕ’ದ ಬಿಗಿಯನ್ನು ಮೆಚ್ಚಿದವರು ‘ಬೆಳದಿಂಗಳ ಬಾಲೆ’ಯಲ್ಲೂ ಅದನ್ನೇ ಹುಡುಕಿದರೆ ನಿರಾಶರಾಗುತ್ತಾರೆ, ಅದರ ಪ್ರೇಮದ ತೀವ್ರತೆ ಅವರ ಕೈತಪ್ಪಿ ಹೋಗುತ್ತದೆ. ಬರೀ ದನಿಯಿಂದಲೇ ಒಂದು ಪಾತ್ರ ಕಟ್ಟಿದ್ದಾರೆ, ಅದಕ್ಕಾಗಿ ನೋಡಿ ಎಂದರೆ ಆ ತಪ್ಪು ಆಗುವುದಿಲ್ಲ. ಪ್ರೇಮಕಥೆಗಳನ್ನಷ್ಟೇ ನೋಡುವವರೂ, ರೇಡಿಯೊ ನಾಟಕ ಕೇಳಿ ಬೆಳೆದವರೂ ಅದರ ಹತ್ತಿರ ಬರಬಹುದು.

ಕಾರಣ ಹೇಳಿ ಸಿನಿಮಾ ಹಂಚಿಕೊಳ್ಳುವುದು ಹೊಸ ಸಂಗತಿಯೇನಲ್ಲ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದು ಇದಕ್ಕಾಗಿಯೇ. ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರಾ’ ಫಿಲ್ಮ್ ಸೊಸೈಟಿ ಹುಟ್ಟಿತು. ಆದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣ ಅವರ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ಮಲೆನಾಡಿನ ಆ ಪುಟ್ಟ ಊರಿಗೆ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ನಂಥ ಚಿತ್ರಗಳ ರೀಲುಗಳು ಬಂದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರು ಅಲ್ಲಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರು ನೆರವಾದರು. ನಾಯರ್ ಅವರ ಕುರಿತು ಶಿವೇಂದ್ರ ಸಿಂಗ್ ಡುಂಗರ್ಪುರ್ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ತಾವು ಎಂದೋ ನೋಡಿದ ವಿಶ್ವ ಸಿನಿಮಾಗಳನ್ನು ನೆನೆದು ಮಾತನಾಡುತ್ತಾರೆ. ಅಡಿಕೆ ತೋಟದ ಕೆಲಸ ಮುಗಿಸಿ ಬಂದು ಇಟಲಿಯ, ಜಪಾನಿನ ಚಿತ್ರ ನೋಡಿದವರು ಅವರು. ಆ ಚಿತ್ರಗಳ ಭಾಷೆ ಅವರದಲ್ಲ, ಪ್ರಕಾರ ಅವರದಲ್ಲ, ನಟರ ಹೆಸರೂ ಗೊತ್ತಿರಲಿಲ್ಲ. ಸೈಕಲ್ ಕಳೆದುಕೊಂಡವನ ಕೂಲಿಯೂ ಹೋಗುತ್ತದೆ ಎಂಬುದು ಮಾತ್ರ ಯಾರೂ ವಿವರಿಸದೆ ಅರ್ಥವಾಗುವಂಥದ್ದು. ಯಾಕೆ ನೋಡಬೇಕೆಂದು ಹೇಳುವವರಿದ್ದರು, ನೋಡಿದ ಮೇಲೆ ಕೂತು ಮಾತನಾಡುವ ಜಾಗವೂ ಇತ್ತು, ಹಾಗಾಗಿ ಆ ಚಿತ್ರಗಳು ದಶಕಗಳ ಕಾಲ ನೆನಪಿನಲ್ಲಿ ಉಳಿದವು. ಒಳ್ಳೆಯ ಸಿನಿಮಾ ಹಂಚಿಕೊಳ್ಳುವುದು ಓದಿಕೊಂಡವರ ಹವ್ಯಾಸ, ಸಾಮಾನ್ಯರಿಗೆ ಅದು ರುಚಿಸದು ಎನ್ನುವವರಿಗೆ ಹೆಗ್ಗೋಡು ಐವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ.

ಇದು ಸಿನಿಮಾ ಉಳಿಯುವ ಪ್ರಶ್ನೆಯೂ ಹೌದು. 2013ರ ‘ಲೂಸಿಯಾ’ಗೆ ನಿರ್ದೇಶಕ ಪವನ್ ಕುಮಾರ್ ಅವರು ನಿರ್ಮಾಪಕರು ಸಿಗದೆ ಜನರ ಮುಂದೆಯೇ ಕೈಚಾಚಿದಾಗ ನೂರಕ್ಕೂ ಹೆಚ್ಚು ಮಂದಿ ಹಣ ಹಾಕಿದರು. ಪೂರ್ಣಚಂದ್ರ ತೇಜಸ್ವಿ ಅವರ ಕಥೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ಗೆ 2023ರಲ್ಲಿ ಬಂಡವಾಳ ಹೂಡಿದ್ದು ತೇಜಸ್ವಿಯವರ ಓದುಗರು. 2015ರ ‘ರಂಗಿತರಂಗ’ ಬಿಡುಗಡೆಯಾದ ಒಂದೇ ವಾರಕ್ಕೆ ‘ಬಾಹುಬಲಿ’ ಬಂತು. ಅಂಥ ಅಬ್ಬರದ ಎದುರೂ ಹೊಸಬರ ಚಿತ್ರ ನಿಂತದ್ದು ನೋಡಿದವರ ಬಾಯಿಮಾತಿನಿಂದ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂದದ್ದು ಕನ್ನಡದಲ್ಲಿ ಮಾತ್ರ. ಕೊನೆಯ ಭಾಗದ ದೈವದ ಆವೇಶದ ಬಗ್ಗೆ ಜನ ಹೇಳಿಕೊಂಡದ್ದು ಗಡಿ ದಾಟಿದ ಮೇಲೆಯೇ ಹಿಂದಿ, ತೆಲುಗು, ತಮಿಳು ಅವತರಣಿಕೆಗಳು ಬಂದವು. 2025ರಲ್ಲಿ ‘ಸು ಫ್ರಮ್ ಸೋ’ ದೊಡ್ಡ ತಾರೆಯರಿಲ್ಲದೆ ತುಂಬಿದ ಚಿತ್ರಮಂದಿರಗಳಲ್ಲಿ ಓಡಿತು. ಇವುಗಳಲ್ಲಿ ಯಾವುದಕ್ಕೂ ಜನ ಬರೀ ಹೆಸರು ಹೇಳಿ ಸುಮ್ಮನಾಗಲಿಲ್ಲ; ಒಂದು ದೃಶ್ಯ, ಒಂದು ಪಾತ್ರ, ಒಂದು ನಗು ಹಿಡಿದು ಹೇಳಿದರು.

ರುಚಿ ಅವರವರದು, ಅದಕ್ಕೇಕೆ ಸಮಜಾಯಿಷಿ ಎಂದು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಕಾರಣ ಹೇಳುವುದೆಂದರೆ ಕಟಕಟೆಯಲ್ಲಿ ನಿಂತು ಉತ್ತರ ಕೊಡುವುದಲ್ಲ. ಕಾರಣವಿಲ್ಲದ ಇಷ್ಟ ಹಟವಾಗುವುದು ಸುಲಭ. ಅಭಿಮಾನಿಗಳ ನಡುವೆ ನಡೆಯುವ ಜಗಳಗಳನ್ನು ಗಮನಿಸಿ, ನಮ್ಮ ನಟ ದೊಡ್ಡವನೋ ನಿಮ್ಮ ನಟನೋ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ, ಸಿನಿಮಾ ಪಕ್ಕಕ್ಕೆ ಹೋಗಿರುತ್ತದೆ. ಇಂಥ ದೃಶ್ಯಕ್ಕಾಗಿ ನನಗಿಷ್ಟ ಎಂದಾಗ ಮಾತ್ರ ಎದುರಿನವರು ‘ನನಗೆ ಅದೇ ದೃಶ್ಯ ಹಿಡಿಸಲಿಲ್ಲ, ಯಾಕೆಂದರೆ’ ಎಂದು ಶುರು ಮಾಡಬಹುದು. ಒಪ್ಪದವರ ಜೊತೆಗೂ ಸಿನಿಮಾ ಹಂಚಿಕೊಳ್ಳಲು ದಾರಿಯಾಗುವುದು ಹೀಗೆ.

ಕಾರಣ ಹೇಳಹೊರಟರೆ ಕಥೆಯೇ ಬಯಲಾಗುತ್ತದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅಪರಾಧಿ ಯಾರೆಂದು ಹೇಳಿ ಪತ್ತೇದಾರಿ ಚಿತ್ರ ಕೆಡಿಸುವವರಿದ್ದಾರೆ, ಅದು ತಪ್ಪೇ. ಆದರೆ ಮೆಚ್ಚುಗೆಗೆ ಕಾರಣ ಕಥೆಯ ಗಂಟಿನಲ್ಲೇ ಇರಬೇಕೆಂದಿಲ್ಲ. ಯು.ಆರ್. ಅನಂತಮೂರ್ತಿ ಅವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಅವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ಕೊನೆಯನ್ನು ಶೀರ್ಷಿಕೆಯೇ ಹೇಳಿಬಿಡುತ್ತದೆ. ಆದರೂ ಆ ಚಿತ್ರ ಎಳ್ಳಷ್ಟೂ ಸಪ್ಪೆಯಾಗುವುದಿಲ್ಲ. ವಿಧವೆ ಯಮುನೆಯ ದುರಂತವನ್ನು ನಾವು ನೋಡುವುದು ವೇದಪಾಠಕ್ಕೆಂದು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ, ಆ ತಿಳಿಯದ ಅರ್ಧವೇ ನೋಡುವವರ ಎದೆಗೆ ನಾಟುತ್ತದೆ. ‘ಆ ಹುಡುಗನನ್ನು ಗಮನಿಸಿ’ ಎಂದಷ್ಟೇ ಹೇಳಿದರೂ ಸಾಕು. ಹಾಳಾಗುತ್ತಿದ್ದ ಈ ಚಿತ್ರವನ್ನು ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಮಕ್ಕಳು ಅದನ್ನು ನೋಡುವಂತೆ ಮಾಡುವ ಕೆಲಸ ಮಾತ್ರ ವೆನಿಸ್‌ನದಲ್ಲ, ನಮ್ಮದು.

ಈಗ ಆ್ಯಪ್‌ಗಳೇ ಮುಂದಿನ ಚಿತ್ರ ಸೂಚಿಸುತ್ತವೆ, ನಾವು ಹೇಳುವುದೇನು ಉಳಿದಿದೆ ಎನ್ನುವವರೂ ಇದ್ದಾರೆ. ಆ್ಯಪ್‌ಗೆ ತಿಳಿದಿರುವುದು ನೀವು ಏನು ನೋಡಿದಿರಿ, ಎಲ್ಲಿ ನಿಲ್ಲಿಸಿದಿರಿ ಎಂಬುದು. ನಿಲ್ಲಿಸಿದ್ದು ಬೇಸರಕ್ಕೋ, ಕಣ್ಣು ಮಂಜಾದದ್ದಕ್ಕೋ ಅದಕ್ಕೆ ತಿಳಿಯದು. ನೋಡಿದ್ದಕ್ಕೆ ಹತ್ತಿರದ್ದನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ. ನೀವು ಕನಸಿನಲ್ಲೂ ಹುಡುಕದ ಚಿತ್ರವೊಂದನ್ನು ಕೈಗಿಡಲು ನಿಮ್ಮನ್ನು ಬಲ್ಲ ಮನುಷ್ಯರೇ ಬೇಕು. ಕನ್ನಡದ ಎಷ್ಟೋ ಹಳೆಯ ಚಿತ್ರಗಳು ದೊಡ್ಡ ಆ್ಯಪ್‌ಗಳಲ್ಲಿ ಇಲ್ಲವೇ ಇಲ್ಲ, ಯೂಟ್ಯೂಬಿನಲ್ಲಿ ಮಸುಕಾದ ಪ್ರತಿಯಾಗಿ ಬಿದ್ದಿವೆ. ಅವುಗಳನ್ನು ಯಾವ ಯಂತ್ರವೂ ತಾನಾಗಿ ಎತ್ತಿ ತೋರಿಸುವುದಿಲ್ಲ. ಹೆಸರು, ವರ್ಷ, ನಿರ್ದೇಶಕರು, ಎಲ್ಲಿ ಸಿಗುತ್ತದೆ, ಯಾವ ದೃಶ್ಯಕ್ಕಾಗಿ ನೋಡಬೇಕು ಎಂದು ಬರೆಯಲು ಎರಡು ನಿಮಿಷ ಸಾಕು.

ಹಿರಿಯರ ಸಿನಿಮಾವೇ ಬೇರೆ, ಹುಡುಗರ ಸಿನಿಮಾವೇ ಬೇರೆ, ಹಂಚಿಕೊಳ್ಳಲು ಏನಿದೆ ಎಂಬ ಮಾತೂ ಕೇಳಿಬರುತ್ತದೆ. ಇಂದಿನ ಎಷ್ಟೋ ಹುಡುಗರು ಕೊರಿಯಾದ ಥ್ರಿಲ್ಲರ್‌ಗಳನ್ನು ಮುಗಿಬಿದ್ದು ನೋಡುತ್ತಾರೆ. ಅವರಿಗೆ ‘ಶಂಕರ್ ನಾಗ್ ಸಿನಿಮಾ ನೋಡು’ ಎಂದರೆ ತಲೆಯಾಡಿಸಿ ಮರೆಯುತ್ತಾರೆ. 1985ರ ‘ಆ್ಯಕ್ಸಿಡೆಂಟ್’ನಲ್ಲಿ ಅಮಲಿನಲ್ಲಿದ್ದ ರಾಜಕಾರಣಿಯ ಮಗನ ಕಾರು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಯುತ್ತದೆ, ಪತ್ರಕರ್ತನೊಬ್ಬ ಅದನ್ನು ಬೆನ್ನುಹತ್ತುತ್ತಾನೆ, ಅಧಿಕಾರ ಹೇಗೆ ಒಂದೊಂದೇ ಸಾಕ್ಷಿಯನ್ನು ನುಂಗುತ್ತದೆ ನೋಡು ಎಂದು ಹೇಳಿ, ಅವರು ಆ ರಾತ್ರಿಯೇ ಹುಡುಕಿ ನೋಡುತ್ತಾರೆ. ಅವರೂ ತಿರುಗಿ ಮನೆಯ ಹಿರಿಯರಿಗೆ ಬಾಂಗ್ ಜೂನ್ ಹೋ ಅವರ 2003ರ ‘ಮೆಮೊರೀಸ್ ಆಫ್ ಮರ್ಡರ್’ ಯಾಕೆ ನೋಡಬೇಕೆಂದು ಹೇಳಲಿ: ಕೊಲೆಗಾರ ಯಾರೆಂಬುದು ಹಾಗಿರಲಿ, ಹಳ್ಳಿಯ ಠಾಣೆಯಲ್ಲಿ ಸಿಕ್ಕಸಿಕ್ಕವರಿಗೆ ಹೊಡೆದು ತಪ್ಪೊಪ್ಪಿಸುವ ಆ ಪೊಲೀಸರನ್ನು ನೋಡಿ ಎನ್ನಲಿ. ಸಬ್‌ಟೈಟಲ್ ಓದುವ ಅಭ್ಯಾಸವಿಲ್ಲ ಎನ್ನುತ್ತಿದ್ದ ಹಿರಿಯರೂ ಆಗ ಟಿ.ವಿ. ಮುಂದೆ ಕೂರುತ್ತಾರೆ.