ಯಾರ ಹಟ್ಟಿ ಎಂದು ಹೇಳಲಿಲ್ಲ

ಆಡು ಕಂದು ಹಾಕಿತು. ಒಂದಲ್ಲ, ಎರಡಲ್ಲ, ಹಟ್ಟಿಗೆ ಹಟ್ಟಿಯೇ ಕಂದು ಹಾಕಿತು. ನೆದರ್‌ಲ್ಯಾಂಡ್ಸ್‌ನ ಬ್ರಬಾಂಟ್ ಸೀಮೆಯ ಮಾತಿದು. 2007ರಲ್ಲಿ ಸುತ್ತಲ ಊರುಗಳ ಜನ ಜ್ವರ, ನ್ಯುಮೋನಿಯಾ ಎಂದು ಹಾಸಿಗೆ ಹಿಡಿದರು. ಬಂದದ್ದು ಕ್ಯೂ ಜ್ವರ, ಆ ಆಡುಗಳಿಂದಲೇ. 2010ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ರೋಗಿಗಳೇ ನಾಲ್ಕು ಸಾವಿರ ದಾಟಿದ್ದರು.

ರೋಗ ಯಾವ ಹಟ್ಟಿಯಲ್ಲಿದೆ ಎಂದು ಅಧಿಕಾರಿಗಳಿಗೆ ಗೊತ್ತಿತ್ತು. ಊರಿಗೆ ಹೇಳಲಿಲ್ಲ! ಸಾಕಣೆದಾರರ ಖಾಸಗಿತನಕ್ಕೆ ಧಕ್ಕೆಯಂತೆ. ಬಸುರಿಯರು ಆಡುಗಳ ಹತ್ತಿರ ಹೋಗಬಾರದು ಎಂದು ಎಚ್ಚರಿಕೆ ಕೊಟ್ಟರು. ಯಾವ ಆಡುಗಳು ಸ್ವಾಮಿ? ಯಾರ ಹಟ್ಟಿ? ಆ ವಿಳಾಸಗಳು ಬಯಲಾದದ್ದು 2009ರ ಡಿಸೆಂಬರಿನಲ್ಲಿ. ಗಾಳಿಗೆ ಖಾಸಗಿತನ ಗೊತ್ತೇ? ಈ ರೋಗಾಣು ಧೂಳಿನ ಜೊತೆ ಕಿಲೋಮೀಟರುಗಟ್ಟಲೆ ಹಾರುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಆಮೇಲೆ ಏನು ಮಾಡಿದರು? ಐವತ್ತು ಸಾವಿರಕ್ಕೂ ಹೆಚ್ಚು ಗಬ್ಬದ ಆಡುಗಳನ್ನು ಕೊಂದರು. ಎರಡು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಆ ಮೂಕ ಪ್ರಾಣಿಗಳೂ ಉಳಿಯುತ್ತಿದ್ದವೋ ಏನೋ. ಕೊಂದ ಆಡಿಗೆ ಪರಿಹಾರ ಸಿಕ್ಕಿತು. ಪರಿಹಾರ ಕೇಳಿ ಕೋರ್ಟಿಗೆ ಹೋದ ರೋಗಿಗಳ ದಾವೆ 2017ರಲ್ಲಿ ಬಿದ್ದುಹೋಯಿತು. ಸತ್ತವರ ಎಣಿಕೆ 2018ಕ್ಕೆ 95 ಮುಟ್ಟಿತ್ತು.

ಈಗ ನಮ್ಮ ಕಡೆಗೆ ಬನ್ನಿ. ಈ ರೋಗಾಣು ನಮ್ಮ ದೇಶಕ್ಕೆ ಹೊಸಬನಲ್ಲ, ದಶಕಗಳ ಹಿಂದೆಯೇ ಅದರ ಕುರುಹು ಸಿಕ್ಕಿದೆ. ಕರ್ನಾಟಕದಲ್ಲಿ ಕುರಿಗಳೇ ಒಂದು ಕೋಟಿಗೂ ಮಿಕ್ಕಿ ಇವೆ. ರಾತ್ರಿ ಎರಡು ಗಂಟೆಗೆ ಕುರಿ ಈಯುತ್ತಿದೆ. ಎದ್ದು ಹೋಗುವವಳು ಯಾರು? ಐದು ತಿಂಗಳ ಬಸುರಿ ಸೊಸೆ. ಬರಿಗೈಯಲ್ಲಿ ಮರಿ ಎಳೆಯುತ್ತಾಳೆ, ಬರಿಗೈಯಲ್ಲಿ ಸತ್ತೆ ತೆಗೆಯುತ್ತಾಳೆ. ರೋಗ ಹೊತ್ತ ಕುರಿಯಾದರೆ ಆ ಸತ್ತೆಯ ಒಂದು ಗ್ರಾಮಿನಲ್ಲಿ ನೂರು ಕೋಟಿಯಷ್ಟು ರೋಗಾಣು ಇರಬಹುದು. ಬೆಳಗ್ಗೆ ನಾಯಿ ಅದನ್ನು ಎಳೆದಾಡುತ್ತದೆ. ಹಟ್ಟಿ ಗುಡಿಸಿದ ಧೂಳು ಅವಳ ಮೂಗಿಗೇ ಹೋಗುತ್ತದೆ.

ಸೋಂಕು ತಗುಲಿದರೂ ಬಹುಪಾಲು ಬಸುರಿಯರಿಗೆ ಏನೂ ಕಾಣುವುದಿಲ್ಲ. ರೋಗಾಣು ಮಾತ್ರ ಮಾಸಿನಲ್ಲಿ ಗೂಡು ಕಟ್ಟುತ್ತದೆ. ಬಸಿರು ಇಳಿಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಕೂಸು ಹೊಟ್ಟೆಯಲ್ಲೇ ಸಾಯಬಹುದು. ಮುಂದಿನ ಬಸಿರಿನಲ್ಲಿ ರೋಗ ಮತ್ತೆ ತಲೆ ಎತ್ತಬಹುದು. ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಅಂಥ ಅಪಾಯ ಕಾಣಲಿಲ್ಲ ಎಂದು ಯಾರಾದರೂ ವಾದಕ್ಕೆ ಬರಬಹುದು. ಹೌದು. ಆದರೆ ಫ್ರಾನ್ಸಿನ ಮಾರ್ಸೇಲ್‌ನ ವೈದ್ಯರು ಮದ್ದು ಸಿಗದ ಬಸುರಿಯರಲ್ಲಿ ಕಂಡದ್ದು ಆ ಅಪಾಯವನ್ನೇ. ಅನುಮಾನ ಇದ್ದರೆ ಅದರ ಲಾಭ ಯಾರಿಗೆ ಸಲ್ಲಬೇಕು? ಕೂಸಿಗೋ, ಕಡತಕ್ಕೋ?

ಬಸಿರು ಇಳಿದರೆ ನಾವು ಏನನ್ನುತ್ತೇವೆ? ದೃಷ್ಟಿ ತಾಗಿತು. ಭಾರ ಎತ್ತಿದಳು. ಅವಳ ಹಣೆಬರಹ. ಅದೇ ವಾರ ಹಟ್ಟಿಯಲ್ಲಿ ನಾಲ್ಕು ಕುರಿ ಕಂದು ಹಾಕಿದ್ದು ಪಶುವೈದ್ಯರಿಗೆ ಗೊತ್ತು, ಹೆರಿಗೆ ಡಾಕ್ಟರಿಗೆ ಗೊತ್ತಿಲ್ಲ. ಒಂದೇ ಊರು. ಎರಡು ಇಲಾಖೆ. ನಡುವೆ ಒಂದು ಫೋನು ಮಾಡಲಾರಿರಾ? ಹಿಮೋಗ್ಲೋಬಿನ್ ನೋಡುತ್ತೀರಿ, ಎಚ್‌ಐವಿ ನೋಡುತ್ತೀರಿ. ಕುರಿ ಈಯಿಸಿದ್ದೀಯೇನಮ್ಮಾ ಎಂದು ಕೇಳಲು ಯಾವ ಲ್ಯಾಬು ಬೇಕು? ಯಾವ ಟೆಂಡರು ಬೇಕು?

ಮದ್ದಿದೆ. ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಬಸುರಿಗೆ ಆಗಿಬರುವುದಿಲ್ಲ, ಕೊಟ್ರೈಮಾಕ್ಸಜೋಲ್ ಕೊಡುತ್ತಾರೆ. ಹಳೆಯ ಮಾತ್ರೆ, ಅಗ್ಗದ ಮಾತ್ರೆ. ರೋಗದ ಹೆಸರೇ ಯಾರ ಬಾಯಲ್ಲೂ ಬರದಿದ್ದರೆ ಅದನ್ನು ಬರೆದುಕೊಡುವವರು ಯಾರು?

ಗಂಡಸರೇ, ಕುರಿ ಈಯುವಾಗ ನೀವು ಎದ್ದು ಹೋಗಿ. ಕೈಗವಸು ಹಾಕಿ. ಸತ್ತೆಯನ್ನು ಆಳವಾಗಿ ಹೂಳಿ. ಇನ್ನು ಅವ್ವಂದಿರೇ, ಡಾಕ್ಟರು ಕೇಳಲಿ ಎಂದು ಕಾಯಬೇಡಿ. ಮುಂದಿನ ಸಲ ತಾಯಿ ಕಾರ್ಡ್ ಹಿಡಿದು ಹೋದಾಗ ಡಾಕ್ಟರ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿ: ನಮ್ಮ ಹಟ್ಟಿಯಲ್ಲಿ ಕುರಿ ಕಂದು ಹಾಕಿದೆ, ಸತ್ತೆ ತೆಗೆದದ್ದು ನಾನೇ, ಬರೆದುಕೊಳ್ಳಿ.